ಆಟದ ಅಂಗಳ

ತೊಟ್ಟಿಲಲ್ಲಿರುವಾಗ ತನ್ನ ಕಾಲ್ಬೆರಳನ್ನೇ ಹಿಡಿದು ಆಡುವ ಮಗು, ಅಂಬೆಗಾಲಿಡುವಾಗ ಪಾತ್ರೆಪಡಗಗಳನ್ನು ಬಡಿದು ಆಡುತ್ತದೆ. ನಡೆಯಲು ಕಲಿತೊಡನೆ ಹೊಸ್ತಿಲನ್ನು ದಾಟಿ ಅಂಗಳಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಅದರ ಪಾಲಿಗೆ ಆಟವೇ ಒಂದು ವಿದ್ಯಾಭ್ಯಾಸ. ಓಡುವುದರಿಂದ ಕಾಲಿಗೆ ಕಸುವು ಬರುತ್ತದೆ. ಹತ್ತುವುದರಿಂದ ಕೈಗೆ ಹಿಡಿತ ಬರುತ್ತದೆ. ಜೋಲಿ ತಪ್ಪಿ ಮತ್ತೆ ನಿಲ್ಲುವುದರಿಂದ ಸಮತೋಲನ ಸಿದ್ಧಿಸುತ್ತದೆ. ತನ್ನ ಸರದಿ ಬರುವವರೆಗೆ ಕಾಯುವ ತಾಳ್ಮೆ, ಸೋತಾಗ ಮುನಿಸಿಕೊಳ್ಳದಿರುವ ದೊಡ್ಡತನ, ಗೆದ್ದಾಗ ಬೀಗದಿರುವ ವಿನಯ - ಇವೂ ಆಟದಿಂದಲೇ ಬರತಕ್ಕವು. ಇವುಗಳನ್ನು ಕಲಿಸುವ ಪುಸ್ತಕವನ್ನು ಇದುವರೆಗೆ ಯಾರೂ ಬರೆದಿಲ್ಲ. ಬಯಲೇ ಇಲ್ಲಿ ಪಾಠಶಾಲೆ, ಜೊತೆಗಾರರೇ ಉಪಾಧ್ಯಾಯರು.

ನಮ್ಮ ಹಿಂದಿನವರು ಮಕ್ಕಳಿಗೆಂದೇ ಆಟದ ಅಂಗಳವನ್ನು ಕಟ್ಟಲಿಲ್ಲ. ಕಟ್ಟುವ ಅವಶ್ಯಕತೆಯೂ ಅವರಿಗೆ ಇರಲಿಲ್ಲ. ಊರ ಮುಂದಿನ ಬಯಲು, ಸುಗ್ಗಿ ಮುಗಿದ ಮೇಲೆ ಬರಿದಾದ ಕಣ, ಗುಂಡುತೋಪು, ಬೇಸಗೆಯಲ್ಲಿ ಬತ್ತಿದ ಕೆರೆಯಂಗಳ - ಇವೆಲ್ಲವೂ ಮಕ್ಕಳವೇ ಆಗಿದ್ದವು. ಚಿಣ್ಣಿದಾಂಡಿಗೆ ಎರಡು ಕೋಲು ಸಾಕಾಗಿತ್ತು. ಲಗೋರಿಗೆ ಒಂದು ಚೆಂಡು, ಏಳು ಚಪ್ಪಟೆ ಕಲ್ಲು. ಕುಂಟೆಬಿಲ್ಲೆಗೆ ನೆಲದ ಮೇಲೆಳೆದ ನಾಲ್ಕಾರು ಗೆರೆ. ಮರಕೋತಿಯಾಟಕ್ಕೆ ಕೊಂಬೆ ಬಾಗಿದ ಒಂದು ಮರ. ನಾಗರಪಂಚಮಿ ಬಂದಿತೆಂದರೆ ಉತ್ತರ ಕರ್ನಾಟಕದ ಊರುಗಳಲ್ಲಿ ಮರದ ಕೊಂಬೆಗಳಿಗೆ ಜೋಕಾಲಿ ಕಟ್ಟುತ್ತಿದ್ದರು, ಈಗಲೂ ಕಟ್ಟುತ್ತಾರೆ. ಆದರೆ ಊರುಗಳು ಬೆಳೆದಂತೆ ಬಯಲು ಕಿರಿದಾಯಿತು. ಕಣಗಳು ನಿವೇಶನಗಳಾದವು, ಬೀದಿಗಳು ವಾಹನಗಳ ಪಾಲಾದವು. ತಾನಾಗಿ ದೊರೆಯುತ್ತಿದ್ದ ಆಟದ ನೆಲವನ್ನು ಇಂದು ನಾವು ಯೋಚಿಸಿ, ಅಳೆದು, ಕಟ್ಟಿಕೊಡಬೇಕಾಗಿದೆ. ಕಟ್ಟುವ ವಸ್ತು ಯಾವುದೇ ಆಗಲಿ, ಅದರಲ್ಲಿ ಕಟ್ಟುವವನ ಹೊಣೆ ಇದ್ದೇ ಇರುತ್ತದೆ. ಮಕ್ಕಳು ಆಡುವ ಸ್ಥಳವನ್ನು ಕಟ್ಟುವವನ ಹೊಣೆಯಂತೂ ಇನ್ನೂ ಹಿರಿದು.

ಈ ವಿಷಯದಲ್ಲಿ ಬೇರೆ ದೇಶಗಳ ಜನ ನಮಗಿಂತ ಮೊದಲೇ ಯೋಚಿಸಬೇಕಾಗಿ ಬಂದಿತು. ಏಕೆಂದರೆ ಅವರ ನಗರಗಳು ನಮ್ಮವಕ್ಕಿಂತ ಮೊದಲೇ ಇಕ್ಕಟ್ಟಾದವು. 1885ರಲ್ಲಿ ಅಮೆರಿಕದ ಬಾಸ್ಟನ್ ನಗರದ ಬಡಮಕ್ಕಳಿಗಾಗಿ ಒಂದು ಮರಳಿನ ರಾಶಿಯನ್ನು ಸುರಿಸಲಾಯಿತು. ಬರ್ಲಿನ್ ನಗರದ ಉದ್ಯಾನಗಳಲ್ಲಿ ಮಕ್ಕಳು ಮರಳಿನಲ್ಲಿ ಆಡುವುದನ್ನು ಕಂಡಿದ್ದ ವೈದ್ಯೆಯೊಬ್ಬರ ಸಲಹೆಯೇ ಇದಕ್ಕೆ ಪ್ರೇರಣೆ. ಆ ಮರಳಿನ ರಾಶಿಯಿಂದಲೇ ಅಮೆರಿಕದ ಆಟದ ಅಂಗಳಗಳ ಚರಿತ್ರೆ ಆರಂಭವಾಯಿತೆಂದು ಹೇಳುತ್ತಾರೆ.

ಡೆನ್ಮಾರ್ಕ್ ದೇಶದ ಉದ್ಯಾನಶಿಲ್ಪಿ ಸೋರೆನ್‌ಸೆನ್ ಎಂಬಾತ ಒಂದು ವಿಚಿತ್ರವನ್ನು ಗಮನಿಸಿದ. ತಾನು ಅಚ್ಚುಕಟ್ಟಾಗಿ ರಚಿಸಿಕೊಟ್ಟ ಆಟದ ಬಯಲುಗಳನ್ನು ಬಿಟ್ಟು, ಮಕ್ಕಳು ಕಟ್ಟಡ ಕಟ್ಟುವ ಸ್ಥಳಗಳಿಗೆ ನುಗ್ಗಿ, ಅಲ್ಲಿನ ಹಲಗೆ, ಇಟ್ಟಿಗೆ, ಮಣ್ಣುಗಳೊಡನೆ ಹೆಚ್ಚು ಸಂತೋಷದಿಂದ ಆಡುತ್ತಿದ್ದರು. ಆತ ಇದರಿಂದ ಬೇಸರಗೊಳ್ಳದೆ ಪಾಠ ಕಲಿತ. 1943ರಲ್ಲಿ, ದೇಶವು ಜರ್ಮನ್ ಸೈನ್ಯದ ವಶದಲ್ಲಿದ್ದ ಕಷ್ಟಕಾಲದಲ್ಲಿ, ಕೋಪನ್‌ಹೇಗನ್ ಬಳಿಯ ಎಂಡ್ರುಪ್ ಎಂಬಲ್ಲಿ ಹಳೆಯ ಮರಮುಟ್ಟುಗಳನ್ನು ತುಂಬಿದ ಒಂದು ಅಂಗಳವು ಮಕ್ಕಳಿಗೆ ತೆರೆಯಿತು. ಮಕ್ಕಳು ತಾವೇ ಗುಡಿಸಲು ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. ಅವರನ್ನು ನೋಡಿಕೊಳ್ಳಲು ಹಿರಿಯನೊಬ್ಬ ಸದಾ ಅಲ್ಲಿರುತ್ತಿದ್ದ.

ಮಹಾಯುದ್ಧ ಮುಗಿದ ಮೇಲೆ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿಯು 1947ರಿಂದ 1978ರವರೆಗೆ ಏಳುನೂರಕ್ಕೂ ಹೆಚ್ಚು ಆಟದ ಅಂಗಳಗಳನ್ನು ರಚಿಸಿದ. ಅವುಗಳಲ್ಲಿ ಅನೇಕವು ಮನೆಗಳ ನಡುವೆ ಪಾಳುಬಿದ್ದಿದ್ದ ಸಣ್ಣ ಸಣ್ಣ ಜಾಗಗಳು. ಅಗಲವಾದ ಕಾಂಕ್ರೀಟ್ ಅಂಚಿನ ಒಂದು ಮರಳುಗುಂಡಿ, ನೆಗೆಯಲು ಕೆಲವು ದುಂಡುಕಲ್ಲು, ಜೋತಾಡಲು ಒಂದೆರಡು ಲೋಹದ ಕಮಾನು - ಇಷ್ಟೇ ಅಲ್ಲಿದ್ದುದು. ಆನೆ, ಒಂಟೆ, ವಿಮಾನಗಳ ಆಕೃತಿಗಳಿಗೆ ಆತ ಮನಸೋಲಲಿಲ್ಲ. ಕಮಾನು ಕಮಾನಾಗಿಯೇ ಇದ್ದುದರಿಂದ ಅದು ಒಂದು ದಿನ ಮನೆಯಾಯಿತು, ಇನ್ನೊಂದು ದಿನ ಹಡಗಾಯಿತು. ಮುರಿಯುವಂಥ ಭಾಗಗಳು ಕಡಿಮೆಯಿದ್ದುದರಿಂದ ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ.

ಈ ಮೂರು ಉದಾಹರಣೆಗಳಿಂದ ತಿಳಿಯುವುದೇನು? ಆಟದ ಅಂಗಳಕ್ಕೆ ಹಣಕ್ಕಿಂತ ಮಿಗಿಲಾಗಿ ಬೇಕಾದದ್ದು ಮಗುವಿನ ಸ್ವಭಾವದ ಅರಿವು. ಅದಕ್ಕೆ ಹತ್ತಬೇಕು, ನೆಗೆಯಬೇಕು, ಬಚ್ಚಿಟ್ಟುಕೊಳ್ಳಬೇಕು, ಕಟ್ಟಬೇಕು, ಕೆಡವಬೇಕು. ಹಾಗಾದರೆ ಬೀಳುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಬೀಳುತ್ತದೆ, ಬೀಳಲೇಬೇಕು. ಬೀಳದೆ ನಡೆಯಲು ಕಲಿತ ಮಗುವುಂಟೇ? ಪ್ರಶ್ನೆಯಿರುವುದು ಬಿದ್ದ ಮಗು ಮಂಡಿಯನ್ನು ಒರೆಸಿಕೊಂಡು ಎದ್ದು ಓಡುವುದೋ, ಆಸ್ಪತ್ರೆಗೆ ಹೋಗುವುದೋ ಎಂಬಲ್ಲಿ.

ಇಲ್ಲಿ ಸಾಹಸ ಮತ್ತು ಅಪಾಯ ಎಂಬ ಎರಡು ಮಾತುಗಳ ಅಂತರವನ್ನು ನಾವು ಸ್ಪಷ್ಟವಾಗಿ ತಿಳಿಯಬೇಕು. ಏಣಿಯನ್ನು ಹತ್ತುವ ಹುಡುಗಿಗೆ ಅದರ ಎತ್ತರ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಮೆಟ್ಟಿಲು ಏರಲೇ, ಇಲ್ಲಿಯೇ ಇಳಿಯಲೇ ಎಂದು ಅವಳು ತನ್ನ ಬಲವನ್ನೂ ಧೈರ್ಯವನ್ನೂ ತೂಗಿ ನೋಡುತ್ತಾಳೆ. ಇದು ಸಾಹಸ, ಇದರಿಂದ ಅವಳು ಬೆಳೆಯುತ್ತಾಳೆ. ಆದರೆ ಅವಳು ನಂಬಿ ಹಿಡಿದ ಕಂಬಿಯು ಬಣ್ಣದ ಮರೆಯಲ್ಲಿ ತುಕ್ಕು ತಿಂದು ಟೊಳ್ಳಾಗಿದ್ದರೆ ಅದನ್ನು ಅವಳು ಕಾಣಲಾರಳು, ತೂಗಲಾರಳು. ಇದು ಅಪಾಯ; ಇದರಿಂದ ಅವಳು ಕಲಿಯುವುದು ಏನೂ ಇಲ್ಲ. ಮಗುವಿಗೆ ಕಾಣುವ ಕಷ್ಟವನ್ನು ಉಳಿಸಬೇಕು, ಕಾಣದ ಕೇಡನ್ನು ನೀಗಬೇಕು. ಆಟದ ಅಂಗಳವನ್ನು ರಚಿಸುವ ಶಾಸ್ತ್ರವೆಲ್ಲವೂ ಈ ಒಂದು ಸೂತ್ರದಲ್ಲಿ ಅಡಗಿದೆ.

ಕಾಣದ ಕೇಡುಗಳಲ್ಲಿ ಮೊದಲನೆಯದು ಕಾಲ ಕೆಳಗಿನ ನೆಲವೇ. ಉಯ್ಯಾಲೆ, ಜಾರುಬಂಡೆಗಳನ್ನು ಕೊಳ್ಳುವಾಗ ಅವುಗಳ ಬಣ್ಣ, ಎತ್ತರಗಳನ್ನು ಎಲ್ಲರೂ ನೋಡುತ್ತಾರೆ. ಅವುಗಳ ಕೆಳಗೆ ಏನಿರಬೇಕೆಂದು ವಿಚಾರಿಸುವವರು ವಿರಳ. ನೀವು ವಿಜ್ಞಾನದ ಪಾಠದಲ್ಲಿ ಓದಿರುವ ಚಲನೆಯ ನಿಯಮಗಳನ್ನು ಇಲ್ಲಿಗೆ ಅನ್ವಯಿಸಿ ನೋಡಿ. 2 ಮೀಟರ್ ಎತ್ತರದಿಂದ ಬಿದ್ದ ಮಗು ನೆಲವನ್ನು ಮುಟ್ಟುವ ಹೊತ್ತಿಗೆ ಸೆಕೆಂಡಿಗೆ ಸುಮಾರು 6.3 ಮೀಟರ್ ವೇಗವನ್ನು ಪಡೆದಿರುತ್ತದೆ. ಎಂದರೆ ಗಂಟೆಗೆ 22 ಕಿಲೋಮೀಟರಿಗೂ ಹೆಚ್ಚು. ಸೈಕಲ್ಲನ್ನು ಜೋರಾಗಿ ತುಳಿಯುವವನ ವೇಗ. ಈ ವೇಗ ಎಷ್ಟು ದೂರದಲ್ಲಿ ಸೊನ್ನೆಗೆ ಇಳಿಯುತ್ತದೆ ಎಂಬುದರ ಮೇಲೆ ಪೆಟ್ಟಿನ ಬಲ ನಿಂತಿದೆ. ಬಿದ್ದ ಎತ್ತರವನ್ನು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ, ವೇಗ ಕುಗ್ಗುವ ಪ್ರಮಾಣವು ಗುರುತ್ವಾಕರ್ಷಣೆಯ ಎಷ್ಟು ಪಟ್ಟು ಎಂಬುದು ಸ್ಥೂಲವಾಗಿ ತಿಳಿಯುತ್ತದೆ. 2 ಸೆಂಟಿಮೀಟರಿನಲ್ಲಿ ನಿಂತರೆ ಅದು ನೂರು ಪಟ್ಟು. 10 ಸೆಂಟಿಮೀಟರಿನಲ್ಲಿ ನಿಂತರೆ ಇಪ್ಪತ್ತು ಪಟ್ಟು ಮಾತ್ರ. ಕಾಂಕ್ರೀಟ್ ನೆಲವಾದರೋ 2 ಸೆಂಟಿಮೀಟರನ್ನೂ ಕೊಡಲಾರದು. ಮೆತ್ತನೆಯ ನೆಲವೆಂದರೆ ಮಗುವಿನ ತಲೆಗೆ ನಿಲ್ಲಲು ಅವಕಾಶ ಕೊಡುವ ನೆಲ.

ಆದುದರಿಂದ ಹತ್ತುವ, ತೂಗುವ, ಜಾರುವ ಸಲಕರಣೆಗಳ ಕೆಳಗೆ ಕಾಂಕ್ರೀಟ್, ಡಾಂಬರು, ಕಲ್ಲುಚಪ್ಪಡಿ, ತುಳಿದು ಗಟ್ಟಿಯಾದ ಮಣ್ಣು - ಇವು ಯಾವುವೂ ಇರಕೂಡದು. ಹುಲ್ಲು ಮೆತ್ತಗಿರುವಂತೆ ಕಂಡರೂ ಉಯ್ಯಾಲೆಯ ಕೆಳಗೆ ಕೆಲವೇ ವಾರಗಳಲ್ಲಿ ಸವೆದು ಗಟ್ಟಿನೆಲ ಹೊರಬೀಳುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 1981ರಲ್ಲಿ ಆಟದ ಅಂಗಳಗಳ ಬಗ್ಗೆ ಒಂದು ಕೈಪಿಡಿಯನ್ನು ಹೊರತಂದು ಅನಂತರ ಹಲವು ಬಾರಿ ಅದನ್ನು ಪರಿಷ್ಕರಿಸಿದೆ. ಅದರ ಪ್ರಕಾರ 9 ಅಂಗುಲ ದಪ್ಪದ ಮರಳಿನ ಹಾಸು 4 ಅಡಿ ಎತ್ತರದಿಂದ ಬೀಳುವವರಿಗೆ ಸಾಕು. ಅಷ್ಟೇ ದಪ್ಪದ ಮರದ ಚಕ್ಕೆಗಳ ಹಾಸು 10 ಅಡಿಯವರೆಗೆ ಕಾಪಾಡಬಲ್ಲದು. ಸಲಕರಣೆ ಎತ್ತರವಾದಷ್ಟೂ ಹಾಸಿನ ಆಯ್ಕೆ ಎಚ್ಚರದಿಂದ ನಡೆಯಬೇಕೆಂದು ಇದರಿಂದ ತಿಳಿಯುತ್ತದೆ. ಮರಳು ತೊಳೆದದ್ದಾಗಿರಬೇಕು, ಮಣ್ಣು ಬೆರೆತ ಮರಳು ಮಳೆಯಲ್ಲಿ ನೆನೆದು ಬಿಸಿಲಿನಲ್ಲಿ ಒಣಗಿದರೆ ಹೆಂಟೆ ಕಟ್ಟುತ್ತದೆ. ಆಡುವ ಕಾಲುಗಳು ಮರಳನ್ನು ಬದಿಗೆ ತಳ್ಳುವುದರಿಂದ ಅದನ್ನು ಆಗಾಗ ಎಳೆದು ಸಮಮಾಡುತ್ತಿರಬೇಕು. ಕಲ್ಲು, ಗಾಜಿನ ಚೂರು, ಪ್ರಾಣಿಗಳ ಹೊಲಸುಗಳನ್ನು ಹೆಕ್ಕಿ ತೆಗೆಯುತ್ತಿರಬೇಕು.

ಎರಡನೆಯ ಕೇಡು ಇಕ್ಕಟ್ಟು. ಇದ್ದ ಸ್ವಲ್ಪ ಜಾಗದಲ್ಲಿಯೇ ಎಲ್ಲವನ್ನೂ ತುರುಕಬೇಕೆಂಬ ಆಸೆಯಿಂದ ಉಯ್ಯಾಲೆಯ ಮುಂದೆಯೇ ಜಾರುಬಂಡೆಯನ್ನು ನಿಲ್ಲಿಸಿರುವುದನ್ನು ನಾವು ಎಷ್ಟೋ ಕಡೆ ಕಾಣುತ್ತೇವೆ. ಮೇಲೆ ಹೇಳಿದ ಕೈಪಿಡಿಯಂತೆ ಪ್ರತಿಯೊಂದು ಸಲಕರಣೆಯ ಸುತ್ತಲೂ ಕಡೆಯ ಪಕ್ಷ 6 ಅಡಿ ತೆರವಿರಬೇಕು. ಉಯ್ಯಾಲೆಯ ಹಿಂದೆ ಮುಂದೆ ಅದರ ತೂಗುಗಂಬಿಯ ಎತ್ತರದ ಎರಡರಷ್ಟು ಜಾಗ ಬೇಕು: ಕಂಬಿ 8 ಅಡಿ ಎತ್ತರದಲ್ಲಿದ್ದರೆ ಮುಂದೆ 16 ಅಡಿ, ಹಿಂದೆ 16 ಅಡಿ. ಒಂದು ಚೌಕಟ್ಟಿಗೆ ಎರಡಕ್ಕಿಂತ ಹೆಚ್ಚು ಉಯ್ಯಾಲೆ ಸಲ್ಲದು. ಮೂರನೆಯದನ್ನು ಕಟ್ಟಿದರೆ ನಡುವಿನ ಉಯ್ಯಾಲೆಯನ್ನು ಹಿಡಿಯಲು ಮಗು ತೂಗುತ್ತಿರುವ ಎರಡರ ನಡುವೆ ನುಗ್ಗಬೇಕಾಗುತ್ತದೆ. ಉಯ್ಯಾಲೆಯ ಕೂರುಮಣೆಯು ಕಬ್ಬಿಣದ್ದೋ ದಪ್ಪ ಹಲಗೆಯದೋ ಆಗದೆ ಮೆತ್ತನೆಯ ರಬ್ಬರಿನ ಪಟ್ಟಿಯಾಗಿರುವುದು ಲೇಸು. ಪಕ್ಕದಲ್ಲಿ ಹಾದುಹೋಗುವ ಮಗುವಿನ ಹಣೆಗೆ ಬಡಿಯುವುದು ಆ ಮಣೆಯೇ. ಉಯ್ಯಾಲೆಗಳೆಲ್ಲವೂ ಅಂಗಳದ ಒಂದು ಅಂಚಿನಲ್ಲಿರಲಿ. ಓಡುವ ಮಕ್ಕಳ ದಾರಿ ಅವುಗಳ ಮುಂದೆ ಹಾಯದಿರಲಿ. ಜಾರುಬಂಡೆಯ ಇಳಿಜಾರು ಸರಾಸರಿ 30 ಡಿಗ್ರಿಯನ್ನು ಮೀರದಿರಲಿ.

ಮೂರನೆಯ ಕೇಡು ಬಹು ಸೂಕ್ಷ್ಮವಾದುದು; ಅದು ಕಂಬಿಗಳ ನಡುವಣ ಸಂದು. ಚಿಕ್ಕ ಮಗುವಿನ ಮೈ ನುಸುಳುವ ಎಷ್ಟೋ ಸಂದುಗಳಲ್ಲಿ ಅದರ ತಲೆ ನುಸುಳದು. ಕಾಲು ಮುಂದಾಗಿ ನುಗ್ಗಿದ ಮಗು ಕುತ್ತಿಗೆಯವರೆಗೆ ಇಳಿದು ಅಲ್ಲಿಯೇ ಸಿಕ್ಕಿಕೊಂಡರೆ ಅನರ್ಥ ಸಂಭವಿಸಬಹುದು. ಆದಕಾರಣ ಕಟಕಟೆಯ ಸಂದುಗಳು ಒಂದೋ 9 ಸೆಂಟಿಮೀಟರಿಗಿಂತ ಕಿರಿದಾಗಿರಬೇಕು, ಇಲ್ಲವೇ 23 ಸೆಂಟಿಮೀಟರಿಗಿಂತ ಅಗಲವಾಗಿರಬೇಕು. ಇವುಗಳ ನಡುವಣ ಅಳತೆಗಳೆಲ್ಲ ವರ್ಜ್ಯ. ಒಂದು ಅಳತೆಪಟ್ಟಿಯಿದ್ದರೆ ಈ ಪರೀಕ್ಷೆಯನ್ನು ನೀವೇ ಮಾಡಬಹುದು. ಹೊರಚಾಚಿದ ಬೋಲ್ಟು, ಚೂಪಾದ ಅಂಚು, ಜಾರುಬಂಡೆಯ ತುದಿಯಲ್ಲಿ ಬಾಯ್ತೆರೆದ ಬಿರುಕು - ಇವು ಬಟ್ಟೆಯನ್ನು ಹಿಡಿದೆಳೆಯುತ್ತವೆ. ನಮ್ಮ ಹೆಣ್ಣುಮಕ್ಕಳ ದುಪಟ್ಟಾ, ಉದ್ದನೆಯ ಜಡೆ, ಕೊರಳಿನ ದಾರಗಳು ಇಂಥಲ್ಲಿ ಸಿಕ್ಕಿಕೊಳ್ಳಬಲ್ಲವು. ಹಾಗೆಂದು ಹುಡುಗಿಯರನ್ನು ಆಟದಿಂದ ದೂರವಿಡುವುದು ನ್ಯಾಯವಲ್ಲ. ಬೋಲ್ಟಿಗೆ ಟೋಪಿ ತೊಡಿಸುವುದು, ಬಿರುಕನ್ನು ಮುಚ್ಚುವುದು, ದುಪಟ್ಟಾವನ್ನು ತೆಗೆದಿರಿಸಿ ಆಡುವಂತೆ ತಿಳಿಸುವುದು ನ್ಯಾಯ.

ಇನ್ನು ನಮ್ಮ ನಾಡಿನ ಬಿಸಿಲಿನ ಮಾತು. ಲೋಹದ ಜಾರುಬಂಡೆಯನ್ನು ಉತ್ತರಕ್ಕೆ ಮುಖಮಾಡಿ ನಿಲ್ಲಿಸಿದರೆ ಅದು ಕಾಯುವುದಿಲ್ಲವೆಂದು ಯೂರೋಪು, ಅಮೆರಿಕಗಳಲ್ಲಿ ಹೇಳುತ್ತಾರೆ. ಅವರ ನಾಡಿನಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣದ ಕಡೆಗೇ ಇರುವುದರಿಂದ ಅದು ಸರಿ. ಆದರೆ ಬೆಂಗಳೂರು ಇರುವ ಅಕ್ಷಾಂಶದಲ್ಲಿ ಏಪ್ರಿಲ್ ತಿಂಗಳ ಕೊನೆಯ ವಾರದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಅಲ್ಲಿಂದ ಆಗಸ್ಟಿನ ನಡುಭಾಗದವರೆಗೆ ಮಧ್ಯಾಹ್ನದಲ್ಲಿ ಉತ್ತರಕ್ಕೇ ಸರಿದಿರುತ್ತಾನೆ. ಮಕ್ಕಳಿಗೆ ರಜೆಯಿರುವುದೂ ಬಿಸಿಲು ಉರಿಯುವುದೂ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ. ಪರದೇಶದ ಪುಸ್ತಕವನ್ನು ಕಣ್ಣುಮುಚ್ಚಿ ಅನುಸರಿಸಿದರೆ ನಮ್ಮ ಮಕ್ಕಳ ತೊಡೆ ಸುಡುತ್ತದೆ. ನಮಗೆ ಬೇಕಾದದ್ದು ನೆರಳು.

ನೆರಳಿಗೆ ಮರಕ್ಕಿಂತ ಉತ್ತಮವಾದ ಚಾವಣಿಯಿಲ್ಲ. ಹೊಂಗೆ, ಬೇವು, ಸಂಪಿಗೆಗಳು ನಮ್ಮ ಮಣ್ಣಿಗೆ ಒಗ್ಗಿದ ಮರಗಳು. ಹೊಂಗೆಯ ನೆರಳಂತೂ ತಂಪಿಗೆ ಹೆಸರಾದುದು. ಅಂಗಳವನ್ನು ರಚಿಸುವವರು ಮೊದಲು ಅಲ್ಲಿರುವ ಮರಗಳನ್ನು ಗುರುತಿಸಿ, ಅನಂತರ ಸಲಕರಣೆಗಳ ಜಾಗವನ್ನು ನಿಶ್ಚಯಿಸಬೇಕು. ಸಲಕರಣೆಗಾಗಿ ಮರ ಕಡಿಯುವುದು ಅವಿವೇಕ. ಮರವಿಲ್ಲದ ಕಡೆ ಮಳೆಗಾಲದ ಆರಂಭದಲ್ಲಿ ಸಸಿ ನೆಡಬೇಕು. ಎಲ್ಲ ಗಿಡವೂ ಮಕ್ಕಳ ಅಂಗಳಕ್ಕೆ ಹೊಂದುವುದಿಲ್ಲ. ಹೂವಿನ ಚೆಲುವಿಗಾಗಿ ಬೆಳೆಸುವ ಕಣಗಿಲೆಯ ಎಲೆ, ಕಾಯಿ, ಕಾಂಡಗಳೆಲ್ಲವೂ ವಿಷ, ದತ್ತೂರಿಯೂ ಅಂಥದೇ. ಜಾಲಿಯ ಮುಳ್ಳು ಬರಿಗಾಲಿನ ಮಕ್ಕಳಿಗೆ ಶತ್ರು. ಪಾರ್ಥೇನಿಯಂ ಕಳೆ ಹಲವರಿಗೆ ಮೈತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಇವುಗಳನ್ನು ಬೇರುಸಹಿತ ಕೀಳಬೇಕು.

ನಿವೇಶನದ ಆಯ್ಕೆಯಲ್ಲಿಯೂ ಎಚ್ಚರ ಅಗತ್ಯ. ಬಾವಿ, ಕಲ್ಲುಗಣಿ, ವಿದ್ಯುತ್ ಪರಿವರ್ತಕ, ವಾಹನ ಸಂಚಾರದ ಹೆದ್ದಾರಿಗಳ ಮಗ್ಗುಲಲ್ಲಿ ಆಟದ ಅಂಗಳ ಇರಕೂಡದು. ಬಳಕೆಯಿಲ್ಲದ ಕೊಳವೆಬಾವಿಗಳನ್ನು ಭದ್ರವಾಗಿ ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2010ರಲ್ಲಿ ಆದೇಶಿಸಿದೆ. ಸುತ್ತಲೂ ಬೇಲಿಯಿರಲಿ; ಆದರೆ ಹೊರಗಿನಿಂದ ದೊಡ್ಡವರಿಗೆ ಮಕ್ಕಳು ಕಾಣುವಂತಿರಲಿ. ಎತ್ತರದ ಗೋಡೆಯ ಮರೆಯಲ್ಲಿ ಏನು ನಡೆಯಿತೆಂಬುದು ಯಾರಿಗೂ ತಿಳಿಯದು. ನೆಲಕ್ಕೆ ತುಸು ಇಳಿಜಾರು ಕೊಟ್ಟು ಮಳೆಯ ನೀರು ಹರಿದುಹೋಗುವಂತೆ ಮಾಡಬೇಕು. ನಿಂತ ನೀರು ಕಬ್ಬಿಣವನ್ನು ತಿನ್ನುತ್ತದೆ, ಮರವನ್ನು ಕೊಳೆಸುತ್ತದೆ, ಸೊಳ್ಳೆಯನ್ನು ಸಾಕುತ್ತದೆ.

ಬಾಳಿಕೆಯ ವಿಚಾರಕ್ಕೆ ಬರೋಣ. ನಮ್ಮ ರಾಜ್ಯ ಒಂದೇ ಆದರೂ ಹವೆ ಒಂದೇ ಅಲ್ಲ. ಕರಾವಳಿಯ ಉಪ್ಪುಗಾಳಿ ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆ. ಮಲೆನಾಡಿನ ಜಡಿಮಳೆ ಮರವನ್ನು ಕೊಳೆಸುತ್ತದೆ. ಬಯಲುಸೀಮೆಯ ಬಿಸಿಲು ಪ್ಲಾಸ್ಟಿಕ್ಕನ್ನು ಪೆಡಸಾಗಿಸಿ ಸೀಳುತ್ತದೆ. ಗೆದ್ದಲು ಎಲ್ಲ ಕಡೆಯೂ ಇದೆ. ಆಯಾ ನೆಲಕ್ಕೆ ತಕ್ಕ ವಸ್ತುವನ್ನು ಆರಿಸಬೇಕು. ಕಬ್ಬಿಣದ ಕೊಳವೆಯಾದರೆ ಸತುವಿನ ಲೇಪವಿರುವುದನ್ನೇ ಕೊಳ್ಳಬೇಕು. ಕಂಬವು ಮಣ್ಣನ್ನು ಸೇರುವ ಗೆರೆಯಲ್ಲಿಯೇ ತುಕ್ಕು ಮೊದಲು ಹಿಡಿಯುವುದರಿಂದ ಆ ಭಾಗಕ್ಕೆ ಹೆಚ್ಚಿನ ರಕ್ಷಣೆ ಬೇಕು. ಮರದ ಕಂಬವನ್ನು ನೇರವಾಗಿ ಮಣ್ಣಿನಲ್ಲಿ ಹೂಳದೆ ಲೋಹದ ಪಾದದ ಮೇಲೆ ನಿಲ್ಲಿಸಬೇಕು. ಕಂಬದ ಬುಡದ ಕಾಂಕ್ರೀಟ್ ನೆಲದಿಂದ ಮೇಲೇಳದೆ ಹಾಸಿನ ಅಡಿಯಲ್ಲಿ ಮುಚ್ಚಿಹೋಗಿರಬೇಕು. ಬಣ್ಣದಲ್ಲಿ ಸೀಸವಿರಬಾರದು, ಸೀಸವು ಮಕ್ಕಳ ಮಿದುಳಿಗೆ ವಿಷ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಕೂಡದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿದೆ. ಅಗ್ಗಕ್ಕೆ ದೊರೆಯಿತೆಂದು ಹಳೆಯ ದಾಸ್ತಾನಿನ ಬಣ್ಣವನ್ನು ಬಳಿಯುವವರು ಇದನ್ನು ನೆನೆಯಬೇಕು.

ಬಾಳಿಕೆಗೆ ದುಬಾರಿ ವಸ್ತುವೇ ಆಗಬೇಕೆಂದಿಲ್ಲ. ನಮ್ಮಲ್ಲಿ ಕಗ್ಗಲ್ಲು ಧಾರಾಳವಾಗಿದೆ. ಅಂಚು ಮೊಂಡಾಗಿಸಿದ ಕಲ್ಲುಚಪ್ಪಡಿಯ ಕಟ್ಟೆ ತಲೆಮಾರುಗಳ ಕಾಲ ಬಾಳುತ್ತದೆ. ಮಣ್ಣಿನ ಒಂದು ದಿಬ್ಬವೇ ಮಕ್ಕಳ ಪಾಲಿಗೆ ಪರ್ವತ. ಅದರ ಮೈಗೆ ಜಾರುಬಂಡೆಯನ್ನು ಹೊಂದಿಸಿದರೆ ಬಿದ್ದವರು ಬೀಳುವುದು ದಿಬ್ಬದ ಮೇಲೆಯೇ, ಅಂಗೈಯಷ್ಟು ಎತ್ತರದಿಂದ. ಬಳಸಿ ಬಿಟ್ಟ ವಾಹನದ ಟೈರುಗಳನ್ನು ತೊಳೆದು, ಬಣ್ಣ ಹಚ್ಚಿ, ಬಿಗಿದು ಆಟದ ಸಲಕರಣೆಗಳನ್ನು ಮಾಡುವ ಪ್ರಯೋಗ ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಎಂಬ ಸಂಸ್ಥೆಯಿಂದ ನಡೆದುಬಂದಿದೆ. ಟೈರಿಗೆ ಕೆಳಗಡೆ ತೂತು ಕೊರೆದರೆ ನೀರು ನಿಲ್ಲುವುದಿಲ್ಲ; ಏತದಾಟದ ಹಲಗೆಯ ತುದಿ ನೆಲಕ್ಕೆ ಬಡಿಯುವಲ್ಲಿ ಅರ್ಧ ಟೈರನ್ನು ಹೂತರೆ ಬೆನ್ನೆಲುಬಿಗೆ ತಗಲುವ ಅದುರು ಕಡಿಮೆಯಾಗುತ್ತದೆ.

ಅಂಗಳವು ಎಲ್ಲ ಮಕ್ಕಳದೂ ಆಗಬೇಕು. ಐದು ವರ್ಷದವರೂ ಹದಿನಾಲ್ಕು ವರ್ಷದವರೂ ಒಂದೇ ಕಡೆ ಆಡಿದರೆ ಚಿಕ್ಕವರು ತುಳಿತಕ್ಕೆ ಸಿಕ್ಕುತ್ತಾರೆ. ಆದುದರಿಂದ ಎಳೆಯರಿಗೆ ಮರಳುಗುಂಡಿಯ ಬಳಿ ಪ್ರತ್ಯೇಕ ಮೂಲೆಯಿರಲಿ. ಚೆಂಡಾಟದ ಹುಡುಗರು ನಡುಬಯಲನ್ನೆಲ್ಲ ಆಕ್ರಮಿಸಿ ಹುಡುಗಿಯರು ಗೋಡೆಯ ಅಂಚಿಗೆ ಸರಿಯುವುದು ಅನೇಕ ಶಾಲೆಗಳಲ್ಲಿ ಕಾಣುವ ದೃಶ್ಯ. ಖೋ ಖೋ, ಕುಂಟೆಬಿಲ್ಲೆ, ಲಗೋರಿಗಳಿಗೂ ಗೆರೆ ಎಳೆದು ಜಾಗ ಮೀಸಲಿಟ್ಟರೆ ಈ ಅನ್ಯಾಯ ತಪ್ಪುತ್ತದೆ. ಗಾಲಿಕುರ್ಚಿಯ ಮಗುವಿಗೆ ಬಾಗಿಲಿನಿಂದ ಆಟದ ಜಾಗದವರೆಗೆ ಮೆಟ್ಟಿಲಿಲ್ಲದ ಗಟ್ಟಿ ದಾರಿ ಬೇಕು. ಕುರ್ಚಿಯನ್ನು ತಿರುಗಿಸಲು 5 ಅಡಿ ಅಗಲ ಬೇಕು. ಮರಳುಗುಂಡಿಯ ಒಂದು ಭಾಗವನ್ನು ಮೇಜಿನೆತ್ತರಕ್ಕೆ ಏರಿಸಿದರೆ ಆ ಮಗುವೂ ಇತರರೊಡನೆ ಮರಳಿನ ಗುಡಿ ಕಟ್ಟಬಲ್ಲದು. ನೋಡುತ್ತ ಕುಳಿತಿರುವುದಕ್ಕೂ ಆಡುವುದಕ್ಕೂ ಇರುವ ಅಂತರ ಎಷ್ಟೆಂಬುದು ಕುಳಿತಿರುವವರಿಗೆ ಗೊತ್ತು.

ಇಷ್ಟನ್ನೆಲ್ಲ ಮಾಡಿದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ನಿಜವಾದ ಕೆಲಸ ಆರಂಭವಾಗುವುದು ಅಂಗಳ ತೆರೆದ ಮರುದಿನದಿಂದ. ಉಯ್ಯಾಲೆಯ ಕೊಂಡಿಯನ್ನೇ ತೆಗೆದುಕೊಳ್ಳಿ. 30 ಕಿಲೋಗ್ರಾಂ ತೂಕದ ಹುಡುಗನು ನೆಟ್ಟಗಿನ ಗೆರೆಯಿಂದ 60 ಡಿಗ್ರಿಯವರೆಗೆ ತೂಗಿಕೊಂಡು ಕೆಳಗೆ ಬರುವಾಗ ಸರಪಳಿಗಳ ಮೇಲೆ ಬೀಳುವ ಭಾರ 30 ಅಲ್ಲ, 60 ಕಿಲೋಗ್ರಾಮಿನಷ್ಟು. ದಿನಕ್ಕೆ ನೂರಾರು ಬಾರಿ ಈ ಭಾರವನ್ನು ಹೊತ್ತು, ಲೋಹ ಲೋಹವನ್ನು ತಿಕ್ಕಿ, ಕೊಂಡಿ ಎಳೆಯೆಳೆಯಾಗಿ ಸವೆಯುತ್ತದೆ.

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಂದು ಊರಿನ ಅಂಗಳದಲ್ಲಿ ಹೀಗೆ ಸವೆದ ಕೊಂಡಿಯೊಂದು ಕಡಿದುಹೋಗಿ ಹುಡುಗನೊಬ್ಬ ಕೈ ಮುರಿದುಕೊಂಡ. ಹಿರಿಯರು ಹೆದರಿ ಉಯ್ಯಾಲೆಗಳನ್ನೆಲ್ಲ ಬಿಚ್ಚಿಸಿ ಬಾಗಿಲಿಗೆ ಬೀಗ ಹಾಕಿಸಿದರು. ಇನ್ನು ಅಪಾಯವಿಲ್ಲವೆಂದು ಎಲ್ಲರೂ ನಿಶ್ಚಿಂತರಾದರು. ತಿಂಗಳು ಕಳೆಯುವುದರೊಳಗೆ ಮಕ್ಕಳು ಊರಾಚೆಯ ಕಲ್ಲುಗಣಿಯ ಹಳ್ಳದಲ್ಲಿ ಆಡತೊಡಗಿದ್ದರು. ಅಲ್ಲಿ ನೀರಿತ್ತು, ಅದರ ಆಳವನ್ನು ಬಲ್ಲವರಿರಲಿಲ್ಲ. ಆಡಲು ಸ್ಥಳವಿಲ್ಲದ ಮಕ್ಕಳು ಆಟವನ್ನು ಬಿಡುವುದಿಲ್ಲ, ಸ್ಥಳವನ್ನು ಬದಲಿಸುತ್ತಾರೆ. ದನ ಕಾಯುವ ಮುದುಕನೊಬ್ಬ ಇದನ್ನು ಕಂಡು ಬಂದು ಹೇಳಿದ ಮೇಲೆಯೇ ಬೀಗ ತೆರೆಯಿತು. ಊರ ಕಮ್ಮಾರ ಹೊಸ ಕೊಂಡಿಗಳನ್ನು ಮಾಡಿಕೊಟ್ಟ. ಅದಕ್ಕೆ ತಗಲಿದ ವೆಚ್ಚ, ಬೀಗದ ಬೆಲೆಗಿಂತ ಹೆಚ್ಚೇನೂ ಆಗಿರಲಿಲ್ಲ.

ಆದುದರಿಂದ ಪ್ರತಿಯೊಂದು ಅಂಗಳಕ್ಕೂ ಒಂದು ಪುಸ್ತಕವಿರಬೇಕು, ಒಬ್ಬ ಹೊಣೆಗಾರನಿರಬೇಕು. ದಿನವೂ ಕಣ್ಣಾಡಿಸಿ ಕಸ, ಗಾಜು, ಮುಳ್ಳುಗಳನ್ನು ತೆಗೆಯಬೇಕು. ವಾರಕ್ಕೊಮ್ಮೆ ಮರಳನ್ನು ಕೆದಕಿ ಅದರ ದಪ್ಪವನ್ನು ಅಳೆಯಬೇಕು. ತಿಂಗಳಿಗೊಮ್ಮೆ ಪ್ರತಿಯೊಂದು ಕೊಂಡಿ, ಬೋಲ್ಟು, ಬೆಸುಗೆಯನ್ನು ಮುಟ್ಟಿ ನೋಡಬೇಕು. ಕಂಬವನ್ನು ಹಿಡಿದು ಅಲುಗಿಸಬೇಕು. ಕಿರುಗುಟ್ಟುವ ಸದ್ದಿಗೆ ಕಿವಿಗೊಡಬೇಕು. ಮಳೆಗಾಲದ ಮೊದಲೂ ಅನಂತರವೂ ಬುಡದ ಮಣ್ಣನ್ನು ಬಿಡಿಸಿ ತುಕ್ಕನ್ನು ಪರೀಕ್ಷಿಸಬೇಕು. ಕಂಡದ್ದನ್ನು ದಿನಾಂಕದೊಡನೆ ಬರೆಯಬೇಕು. ದುರಸ್ತಿಯಾದ ದಿನವನ್ನೂ ಬರೆಯಬೇಕು. ಕೆಟ್ಟ ಸಲಕರಣೆಯೊಂದನ್ನು ದುರಸ್ತಿಯಾಗುವವರೆಗೆ ಕಟ್ಟಿಹಾಕಿದರೆ ಸಾಕು. ಇಡೀ ಅಂಗಳಕ್ಕೆ ಬೀಗ ಜಡಿಯಬೇಕಾಗಿಲ್ಲ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಾದ ನೀವು ಈ ಪರಿಶೀಲನೆಯಲ್ಲಿ ಉಪಾಧ್ಯಾಯರಿಗೆ ನೆರವಾಗಬಲ್ಲಿರಿ. ಚಿಕ್ಕ ಮಕ್ಕಳ ಎತ್ತರಕ್ಕೆ ಕುಳಿತು ನೋಡಿದರೆ ದೊಡ್ಡವರ ಕಣ್ಣಿಗೆ ಬೀಳದ ಎಷ್ಟೋ ಮೊಳೆಗಳು ನಿಮಗೆ ಕಾಣುತ್ತವೆ.

ಆಟವು ಹಿರಿಯರು ಮಕ್ಕಳಿಗೆ ಕೊಡುವ ದಾನವಲ್ಲ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ವಿಶ್ರಾಂತಿಯನ್ನೂ ಆಟವನ್ನೂ ಮಗುವಿನ ಹಕ್ಕೆಂದು ಸಾರಿದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿ ನೀಡಿದೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಇರಬೇಕಾದ ಸೌಕರ್ಯಗಳ ಪಟ್ಟಿಯಲ್ಲಿ ಆಟದ ಮೈದಾನವನ್ನೂ ಸೇರಿಸಿದೆ. ಆದರೆ ಕಾಯಿದೆಯು ನೆಲವನ್ನು ಕೊಡಿಸಬಲ್ಲದು. ಮರಳನ್ನು ಕೆದಕಲಾರದು, ಕೊಂಡಿಯನ್ನು ಮುಟ್ಟಿ ನೋಡಲಾರದು. ಅದಕ್ಕೆ ಮನುಷ್ಯರ ಕೈಯೇ ಬೇಕು.

ಸಂಜೆಯ ಹೊತ್ತಿನಲ್ಲಿ ಮಗುವೊಂದು ಏಣಿಯ ಕೊನೆಯ ಮೆಟ್ಟಿಲನ್ನು ಮೊದಲ ಬಾರಿಗೆ ಏರಿ, ಅಲ್ಲಿಂದ ಊರನ್ನೆಲ್ಲ ನೋಡಿ ಕೇಕೆ ಹಾಕುತ್ತದೆ. ತನ್ನ ಕೈಯಲ್ಲಿರುವ ಕಂಬಿ ಗಟ್ಟಿಯಾಗಿದೆಯೇ, ಕೆಳಗಿನ ಮರಳು ಒಂದು ಗೇಣು ಆಳವಿದೆಯೇ ಎಂದು ಅದು ಯೋಚಿಸುವುದಿಲ್ಲ; ಯೋಚಿಸಬೇಕಾಗಿಯೂ ಇಲ್ಲ. ಆ ಯೋಚನೆಯನ್ನು ಅದಕ್ಕಿಂತ ಮೊದಲೇ ಮಾಡಿರಬೇಕಾದವರು ನಾವು.

ಅಭ್ಯಾಸ

1. ಹಿಂದಿನ ಕಾಲದಲ್ಲಿ ಮಕ್ಕಳಿಗಾಗಿ ಆಟದ ಅಂಗಳವನ್ನು ಕಟ್ಟುವ ಅವಶ್ಯಕತೆ ಇರಲಿಲ್ಲವೇಕೆ?
2. ಎಂಡ್ರುಪ್ ಮತ್ತು ಆಮ್‌ಸ್ಟರ್‌ಡ್ಯಾಮ್ ನಗರದ ಅಂಗಳಗಳಿಗೆ ಇದ್ದ ಸಾಮ್ಯ ಹಾಗೂ ಭೇದಗಳನ್ನು ತಿಳಿಸಿರಿ.
3. ಸಾಹಸಕ್ಕೂ ಅಪಾಯಕ್ಕೂ ಲೇಖಕರು ಹೇಳುವ ಅಂತರವನ್ನು ನಿಮ್ಮದೇ ಉದಾಹರಣೆಯೊಡನೆ ವಿವರಿಸಿರಿ.
4. 3 ಮೀಟರ್ ಎತ್ತರದಿಂದ ಬಿದ್ದವನು 10 ಸೆಂಟಿಮೀಟರಿನಲ್ಲಿ ನಿಂತರೆ ವೇಗ ಕುಗ್ಗುವ ಪ್ರಮಾಣವು ಗುರುತ್ವಾಕರ್ಷಣೆಯ ಎಷ್ಟು ಪಟ್ಟಾಗುತ್ತದೆ?
5. ಜಾರುಬಂಡೆಯ ದಿಕ್ಕಿನ ಬಗ್ಗೆ ಪರದೇಶದ ನಿಯಮ ನಮ್ಮ ನಾಡಿಗೆ ಹೊಂದುವುದಿಲ್ಲವೇಕೆ?
6. 'ಆಡಲು ಸ್ಥಳವಿಲ್ಲದ ಮಕ್ಕಳು ಆಟವನ್ನು ಬಿಡುವುದಿಲ್ಲ, ಸ್ಥಳವನ್ನು ಬದಲಿಸುತ್ತಾರೆ.' ಈ ಮಾತನ್ನು ಸಂದರ್ಭ ಸಹಿತ ವಿವರಿಸಿರಿ.
7. ನಿಮ್ಮ ಶಾಲೆಯ ಅಥವಾ ಊರಿನ ಆಟದ ಅಂಗಳವನ್ನು ಪರಿಶೀಲಿಸಿ, ಕಂಡ ಕೊರತೆಗಳನ್ನು ದಿನಾಂಕದೊಡನೆ ಬರೆದು ಉಪಾಧ್ಯಾಯರಿಗೆ ಒಪ್ಪಿಸಿರಿ.